ಒಂದೇ ಉಗಿ

ಹನ್ನೊಂದನೆಯ ವಯಸ್ಸಿನಲ್ಲಿ, ಸೇತುವೆಯ ಕೆಳಗಿನ ಮೆಟ್ಟಿಲ ಮೇಲೆ ನಿಂತು, ಅವಳು ಅಪ್ಪನಿಗೆ ಒಂದು ಮಾತು ಕೊಟ್ಟಿದ್ದಳು: ನೋಡದ್ದನ್ನು ನೋಡಿದೆ ಎಂದು ಬರೆಯುವುದಿಲ್ಲ, ಹಾಗೇನಾದರೂ ಬರೆದುಬಿಟ್ಟರೆ, ಯಾರಾದರೂ ಕೇಳುವ ಮೊದಲೇ ಹೋಗಿ ಹೇಳುತ್ತೇನೆ. ಅಪ್ಪ ಅವಳ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಿದ್ದ. ಅವನ ಕೈ ಒದ್ದೆಯಾಗಿತ್ತು, ನದಿಯ ನೀರೋ ಏನೋ. ಅವಳಿಗೆ ಆಗ ಇದ್ದ ಚಿಂತೆ ಶಾಲೆಗೆ ತಡವಾಗುತ್ತದೆ ಎಂಬುದೊಂದೇ. ಹೂಂ ಅಂದರೆ ಕೈ ಬಿಡುತ್ತಾನೆ ಎಂದು ಹೂಂ ಅಂದಿದ್ದಳು. ಅಪ್ಪ ನದಿ ಅಳೆಯುವವನು. ಸೇತುವೆಯ ಮೂರನೆಯ ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಅಡಿ, ಅಂಗುಲ ಬರೆದಿದ್ದರು. ದಿನಾ ಬೆಳಿಗ್ಗೆ ಆರಕ್ಕೆ ಮೆಟ್ಟಿಲಿಳಿದು, ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಹತ್ತೊಂಬತ್ತು ವರ್ಷ ಬರೆದ. ಒಂದು ದಿನ ಮಾತ್ರ ಜ್ವರ ಬಂದು ಏಳಲಾಗದೆ, ಹಿಂದಿನ ದಿನದ ಅಂಕಿಗೆ ಎರಡಂಗುಲ ಕೂಡಿಸಿ ಹಾಸಿಗೆಯಲ್ಲೇ ಬರೆದ. ಏನೂ ಆಗಲಿಲ್ಲ. ನದಿ ಉಕ್ಕಲಿಲ್ಲ, ಯಾರೂ ಕೇಳಲೂ ಇಲ್ಲ. ನಾಲ್ಕು ದಿನ ಬಿಟ್ಟು ತಾನೇ ಆಫೀಸಿಗೆ ಹೋಗಿ, ಇಂಥ ತಾರೀಕಿನದು ನೋಡಿ ಬರೆದದ್ದಲ್ಲ ಎಂದು ಹೇಳಿ ಬಂದ. ಆಫೀಸಿನವರಿಗೆ ಮೊದಲು ನಗು ಬಂದಿತ್ತಂತೆ. ಆದರೆ ಅವನು ಅದನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದ. ಕಾಗದ ಮೇಲಕ್ಕೆ ಹೋಯಿತು, ಮೇಲಿನಿಂದ ಇನ್ನೊಂದು ಕಾಗದ ಕೆಳಕ್ಕೆ ಬಂತು, ಕೆಲಸ ಹೋಯಿತು. ಆ ವಾರವೇ ಅವಳನ್ನು ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಮಾತು ತೆಗೆದುಕೊಂಡದ್ದು. ಅಮ್ಮ ಸಾಯುವ ತನಕ ಹೇಳುತ್ತಿದ್ದಳು: 'ಬೇರೆಯವರ ಮನೆ ಪ್ರವಾಹದಲ್ಲಿ ಮುಳುಗುತ್ತೆ. ನಿಮ್ಮಪ್ಪ ಎರಡಂಗುಲ ನೀರಲ್ಲಿ ಮುಳುಗಿಸಿದ.'

ಚಿಮುಟ ಏಳಾಯಿತು. ಎಂಟಿರಬೇಕು. ಮತ್ತೆ ಎಣಿಸಿದಳು, ಒಂಬತ್ತಾಯಿತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಉಗಿ ರೂಮಿನ ಉದ್ದನೆಯ ಮೇಜಿನ ಮುಂದೆ ನಿಂತು, ಹದಿನಾಲ್ಕು ವರ್ಷದಿಂದ ಕಣ್ಣುಮುಚ್ಚಿ ಎಣಿಸುತ್ತಿದ್ದುದನ್ನು ಈಗ ಬೆರಳಿಟ್ಟು ಒಂದೊಂದಾಗಿ ಎಣಿಸಿದಳು. ಎಂಟೇ ಇತ್ತು. ಗೋಡೆಯ ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು. ಹನ್ನೊಂದಕ್ಕೆ ಮೇಲಿನ ಮಹಡಿಯಲ್ಲಿ, ಆಪರೇಷನ್ ಆದ ಹೆಂಗಸೊಬ್ಬಳ ಹೊಟ್ಟೆ ಕೀವಾದದ್ದರ ವಿಚಾರಣೆ. ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಉಗಿಯಮ್ಮ ಎನ್ನುತ್ತಾರೆ. ಕೂದಲು ಯಾವಾಗಲೂ ಹಸಿ, ಮುಖ ಯಾವಾಗಲೂ ಕೆಂಪು. ಆಪರೇಷನ್ ಥಿಯೇಟರಿನಿಂದ ಬಂದ ಸಾಮಾನು ತೊಳೆದು, ಬಟ್ಟೆಯ ಜೊತೆ ಡ್ರಮ್ಮಿಗೆ ತುಂಬಿ, ದೊಡ್ಡ ಹಂಡೆಯಂಥ ಯಂತ್ರದೊಳಗಿಟ್ಟು ಉಗಿ ಕೊಡುವುದು ಅವಳ ಕೆಲಸ. ಡ್ರಮ್ಮಿನ ಪಕ್ಕೆಯಲ್ಲಿ ಸಾಲಾಗಿ ತೂತುಗಳಿವೆ, ಅವುಗಳ ಮೇಲೆ ಅತ್ತಿತ್ತ ಸರಿಯುವ ಒಂದು ತಗಡು. ಯಂತ್ರದೊಳಗೆ ಹೋಗುವಾಗ ತಗಡು ಸರಿಸಿ ತೂತು ತೆರೆಯಬೇಕು, ಇಲ್ಲವಾದರೆ ಉಗಿ ಒಳಗೆ ಹೋಗುವುದಿಲ್ಲ. ಹೊರಗೆ ಬಂದೊಡನೆ ಮುಚ್ಚಬೇಕು, ಇಲ್ಲವಾದರೆ ಗಾಳಿ ನುಗ್ಗುತ್ತದೆ. ಚಿಕ್ಕ ಮಕ್ಕಳಿಗೂ ಹೇಳಿಕೊಡಬಹುದಾದ ಕೆಲಸ. ಬಟ್ಟೆಯ ನಡುವೆ ದಾರ ಕಟ್ಟಿದ ಒಂದು ಕಾಗದದ ಪಟ್ಟಿ ಇಳಿಬಿಡಬೇಕು. ಉಗಿ ತಾಕಿದರೆ ಅದು ಕಪ್ಪಾಗುತ್ತದೆ. ಆಮೇಲೆ ದಾರ ಎಳೆದು, ಪಟ್ಟಿ ನೋಡಿ, ರಿಜಿಸ್ಟರಿಗೆ ಅಂಟಿಸಿ, ಪಕ್ಕದಲ್ಲಿ 'ನೋಡಿದೆ' ಎಂದು ಬರೆದು ಸಹಿ ಹಾಕಬೇಕು. ಡ್ರಮ್ಮಿಗೊಂದು ಪಟ್ಟಿ. ಕೆಲಸಕ್ಕೆ ಸೇರಿದ ದಿನ ಆ 'ನೋಡಿದೆ' ಎಂಬ ಪದವನ್ನು ಕಂಡಾಗ ಅವಳಿಗೆ ಮೈ ಜುಮ್ಮೆಂದಿತ್ತು. ಇಷ್ಟು ದೂರ ಬಂದರೂ ಅಪ್ಪನ ನದಿ ಬೆನ್ನು ಬಿಟ್ಟಿಲ್ಲವಲ್ಲ ಎನಿಸಿತ್ತು.

ಆರು ತಿಂಗಳಿಂದ ಆಸ್ಪತ್ರೆಗೆ ಬೇಕಾದಷ್ಟು ಪಟ್ಟಿಗಳ ಸರಬರಾಜಿಲ್ಲ. ಮೇಟ್ರನ್ ಒಂದು ದಿನ ಕೆಳಗಿಳಿದು ಬಂದು, ಪೆಟ್ಟಿಗೆಯಲ್ಲಿ ಉಳಿದದ್ದನ್ನು ನೋಡಿ, ತುಟಿ ಕಚ್ಚಿ, 'ಒಂದು ಡ್ರಮ್ಮಿಗೆ ಹಾಕಿ ಸಾಕು. ಆಮೇಲೆ ಮೂರು ತುಂಡು ಮಾಡಿ ಮೂರಕ್ಕೂ ಅಂಟಿಸಿಬಿಡಿ. ಒಂದೇ ಯಂತ್ರ, ಒಂದೇ ಉಗಿ ಅಲ್ವೇನಮ್ಮ?' ಅಂದಿದ್ದರು. ಅವಳು ಮೊದಲ ದಿನ ಕತ್ತರಿ ಹಿಡಿದಾಗ ಕೈ ಸ್ವಲ್ಪ ತಡೆಯಿತು. ಎರಡನೆಯ ದಿನ ತಡೆಯಲಿಲ್ಲ. ಒಂದು ವಾರವಾದ ಮೇಲೆ ಮೂರೂ ತುಂಡು ಒಂದೇ ಅಳತೆಗೆ ಬರುವಂತೆ ಕತ್ತರಿಸುವುದರಲ್ಲಿ ಸಣ್ಣ ಹೆಮ್ಮೆಯೂ ಬಂದಿತ್ತು. ಎಲ್ಲಕ್ಕಿಂತ ಅವಳನ್ನು ಈಗ ಚುಚ್ಚುತ್ತಿದ್ದುದು ಆ ಹೆಮ್ಮೆ.

'ಅಕ್ಕಾ, ನನ್ನ ಹೆಣ ಎತ್ತೋಕೆ ಡ್ರಮ್ಮು ಖಾಲಿ ಇದೆಯಾ?' ಎನ್ನುತ್ತಾ ಗಾಡಿಯವಳು ಬಂದಳು. ಡ್ರಮ್ಮುಗಳನ್ನು ಗಾಡಿಯಲ್ಲಿಟ್ಟು ಥಿಯೇಟರಿಗೆ ಮುಟ್ಟಿಸುವವಳು ಅವಳು. ಐವತ್ತು ದಾಟಿದವಳು, ಆದರೂ ತನಗಿಂತ ಚಿಕ್ಕವಳನ್ನು ಅಕ್ಕ ಎನ್ನುತ್ತಾಳೆ, ಎಡ ಮೊಣಕಾಲು ಬಗ್ಗುವುದಿಲ್ಲ, ಬಾಯಿ ನಿಲ್ಲುವುದಿಲ್ಲ. ಅವಳ ಗಾಡಿಯ ಒಂದು ಚಕ್ರ ಕೀಚ್ ಕೀಚ್ ಎನ್ನುತ್ತದೆ, ಎರಡು ಮಹಡಿ ದೂರದಿಂದಲೇ ಗೊತ್ತಾಗುತ್ತದೆ. ಇವತ್ತು ಬಟ್ಟೆ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಳು. 'ಏನು ನೋಡ್ತೀಯಾ? ದೊಡ್ಡ ಡಾಕ್ಟರ ಮುಂದೆ ನಿಲ್ಲೋದಲ್ವಾ. ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯ ನನ್ನ ಮುಖ ನೋಡಿರೋದು ಲಿಫ್ಟಲ್ಲಿ ಮಾತ್ರ. ಅದೂ ಲಿಫ್ಟು ಕೆಟ್ಟಾಗ.' ನಗುತ್ತಾ ಸ್ಟೂಲಿನ ಮೇಲೆ ಕೂತು ಮೊಣಕಾಲು ನೀವಿಕೊಂಡಳು. ನಗು ಹಾಗೆಯೇ ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದು, ಆಮೇಲೆ ಒಣಗಿತು. 'ನೀನೇ ಹೇಳಕ್ಕ, ಆವತ್ತು ಲಿಫ್ಟ್ ಇರಲಿಲ್ಲ. ಡ್ರಮ್ಮು ಎತ್ಕೊಂಡು ಮೆಟ್ಲು ಹತ್ತಿದೆ. ನಡುವೆ ಈ ಹಾಳಾದ ಕಾಲು ಹಿಡ್ಕೊಂಡು ಬಿಡ್ತು. ಕೆಳಗಿಟ್ಟೆ, ಹೌದು. ಎರಡು ನಿಮಿಷ. ನೆಲ ಒರೆಸೋಳು ನೋಡಿ ಹೋಗಿ ಹೇಳಿದ್ಲು. ಮುಚ್ಚಳ ತೆಗೆದಿಲ್ಲಕ್ಕ, ನನ್ನ ಮಕ್ಕಳಾಣೆ. ಆದ್ರೆ ಏನೋ ಆಗಿರಬೇಕಲ್ವಾ? ಸುಮ್ಮಸುಮ್ಮನೆ ಆ ಯಮ್ಮನ ಹೊಟ್ಟೆ ಕೀವಾಗುತ್ತಾ? ರಾತ್ರಿಯೆಲ್ಲಾ ಯೋಚನೆ ಮಾಡ್ತೀನಿ. ನನ್ನ ಮೊಣಕಾಲು ಅವಳ ಹೊಟ್ಟೆ ತಿಂತು ಅಂತ.' ಉಗಿಯಮ್ಮ ಚಿಮುಟಗಳನ್ನು ಬಟ್ಟೆಯಲ್ಲಿ ಸುತ್ತಿದಳು. ಸುತ್ತಿ ಬಿಚ್ಚಿದಳು. ಮತ್ತೆ ಸುತ್ತಿದಳು. 'ಹಾಗೆಲ್ಲ ಯೋಚನೆ ಮಾಡಬೇಡ' ಎಂದಳು. ಆ ಮಾತು ತನ್ನ ಬಾಯಿಂದ ಬಂದದ್ದನ್ನು ಕೇಳಿಸಿಕೊಂಡಳು. ಬೇರೆ ಯಾರೋ, ಒಳ್ಳೆಯವಳೊಬ್ಬಳು, ಆಡಿದ ಹಾಗಿತ್ತು.

ಏಕೆಂದರೆ ಅವಳಿಗೆ ಗೊತ್ತಿತ್ತು. ಹನ್ನೆರಡು ದಿನದ ಹಿಂದಿನ ಆ ಸೋಮವಾರ ಮೂರು ಡ್ರಮ್ಮು ಒಟ್ಟಿಗೆ ಉಗಿಯಲ್ಲಿಟ್ಟಿದ್ದಳು. ಸಮಯವಾಗಿ ಬಾಗಿಲು ತೆರೆದು, ದಪ್ಪ ಕೈಗವಸು ತೊಟ್ಟು, ಮೊದಲನೆಯದನ್ನು ಎಳೆದು ತಗಡು ಮುಚ್ಚಿದಳು. ಎರಡನೆಯದನ್ನು ಮುಚ್ಚಿದಳು. ಮೂರನೆಯದರ ತಗಡಿಗೆ ಕೈ ಹಾಕಿದಾಗ ಅದು ಸರಿಯಲಿಲ್ಲ. ಆಗಲೇ ಮುಚ್ಚಿತ್ತು. ಕೈಗೆ ಅದು ಮೊದಲು ಗೊತ್ತಾಯಿತು, ತಲೆಗೆ ಆಮೇಲೆ. ತಲೆಗೆ ಗೊತ್ತಾಗುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಥಿಯೇಟರಿನಿಂದ, 'ಡ್ರಮ್ಮು ಎಲ್ಲಿ ಹಾಳಾಗಿ ಹೋಯ್ತು? ಪೇಷಂಟಿಗೆ ಮತ್ತಿನ ಮದ್ದು ಕೊಟ್ಟಾಗಿದೆ.' ತೆಗೆಯುವ ಮೊದಲೇ ಮುಚ್ಚಿತ್ತು ಎಂದರೆ ಇಡುವಾಗ ತೆರೆದೇ ಇರಲಿಲ್ಲ. ಅಥವಾ, ಎರಡನೆಯದನ್ನು ಮುಚ್ಚುವ ಭರದಲ್ಲಿ ಇದನ್ನೂ ಮುಚ್ಚಿದೆನೇನೋ. ಆ 'ಏನೋ' ಎಷ್ಟು ಹೊತ್ತಿನದು? ಒಂದು ಉಸಿರಿನದು. ಆ ಉಸಿರಿನಲ್ಲಿ ಅವಳು ಡ್ರಮ್ಮಿನ ಹೊರಮೈಗೆ ಅಂಟಿಸಿದ, ಉಗಿಗೆ ಬಣ್ಣ ಬದಲಿಸುವ ಟೇಪು ನೋಡಿದಳು. ಕಪ್ಪಾಗಿತ್ತು. ಉಗಿ ಒಳಗೆ ಹೋಗದಿದ್ದರೂ ಹೊರಗಿನದು ಯಾವಾಗಲೂ ಕಪ್ಪಾಗುತ್ತದೆ. ಒಳಗೆ ಪಟ್ಟಿ ಇರಲಿಲ್ಲ, ಪಟ್ಟಿ ಇದ್ದದ್ದು ಮೊದಲನೆಯದರಲ್ಲಿ. ದಾರ ಎಳೆದಳು, ಚೆಂದಕ್ಕೆ ಕಪ್ಪಾಗಿತ್ತು. ಮೂರು ತುಂಡು ಮಾಡಿದಳು, ಅಂಟಿಸಿದಳು, ನೋಡಿದೆ, ನೋಡಿದೆ, ನೋಡಿದೆ. ಮೂರನೆಯ 'ನೋಡಿದೆ'ಯ ಅಕ್ಷರ ಮೊದಲೆರಡಕ್ಕಿಂತ ದುಂಡಗಿತ್ತು. ಆ ಡ್ರಮ್ಮು ಗಾಡಿಯವಳ ಕೈಯಲ್ಲಿ ಮೇಲೆ ಹೋಯಿತು. ಮೂರನೆಯ ದಿನ, ಬಟ್ಟೆ ಹೊಲಿಯುವ ಕೆಲಸದ ಆ ಹೆಂಗಸಿನ ಹೊಟ್ಟೆಯ ಹೊಲಿಗೆಗಳು ಕೀವು ಕಟ್ಟಿದವು.

ಅಂದಿನಿಂದ ಅವಳಿಗೆ ಪ್ರಾರ್ಥನೆ ಬರುತ್ತಿಲ್ಲ. ಅವಳ ಪ್ರಾರ್ಥನೆಯೇನೂ ದೊಡ್ಡದಲ್ಲ. ಬೆಳಿಗ್ಗೆ ಉಗಿ ತಿರುಗಿಸುವ ಮೊದಲು ಯಂತ್ರದ ತಣ್ಣನೆಯ ಬಾಗಿಲ ಮೇಲೆ ಅಂಗೈಯಿಟ್ಟು 'ಓದಿಕೋ' ಎನ್ನುತ್ತಿದ್ದಳು, ಅಷ್ಟೇ. ಚಿಕ್ಕವಳಿದ್ದಾಗ, ದೇವರು ಅಂದರೆ ಯಾರು ಎಂದು ಕೇಳಿದ್ದಕ್ಕೆ ಅಪ್ಪ ಬಹಳ ಹೊತ್ತು ಯೋಚಿಸಿ, 'ನಾವು ಬರೆದದ್ದನ್ನ ಎರಡನೇ ಸಲ ಓದೋನು' ಅಂದಿದ್ದ. ನದಿ ಅಳೆಯುವವನಿಗೆ ತೋಚುವ ದೇವರು ಅದೇ ಇರಬೇಕು. ಪುಸ್ತಕ ತುಂಬಿದ ಮೇಲೆ ಆಫೀಸಿನಲ್ಲಿ ಯಾರೂ ತೆರೆದು ನೋಡುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು, ಹತ್ತೊಂಬತ್ತು ವರ್ಷದ ಅಂಕಿಗಳನ್ನು ಒಬ್ಬನಾದರೂ ಓದಬೇಕಲ್ಲ. ಈ ಹನ್ನೆರಡು ದಿನವೂ ಅವಳು ಬಾಗಿಲ ಮೇಲೆ ಕೈಯಿಟ್ಟಿದ್ದಾಳೆ, ತುಟಿ ಅಲುಗಿಸಿದ್ದಾಳೆ, ಪದವಿಲ್ಲದೆಯೇ ಉಗಿ ತಿರುಗಿಸಿದ್ದಾಳೆ. ಎರಡನೆಯ ಸಲ ಓದುವವನು ಈ ಸಲ ಓದದೆ ಪುಟ ಮಗುಚಿಬಿಟ್ಟರೆ ಸಾಕು ಎಂದು ಅವಳಿಗೆ ಅನಿಸುತ್ತಿತ್ತು. ಹಾಗೆ ಬೇಡಿಕೊಳ್ಳುವುದು ಹೇಗೆ?

ಇವತ್ತು ಬೆಳಿಗ್ಗೆ ಅಪ್ಪನ ಮುಖ ಒರೆಸುವಾಗ ಕೇಳಿಯೇಬಿಟ್ಟಿದ್ದಳು. ಆಸ್ಪತ್ರೆ ಕೊಟ್ಟಿರುವ ಎರಡು ಕೋಣೆಯ ಮನೆಯಲ್ಲಿ, ಕಿಟಕಿಯ ಪಕ್ಕದ ಮಂಚ ಅವನದು. ಮೂರು ವರ್ಷದಿಂದ ಅವನಿಗೆ ಮಗಳು ಯಾರು, ಮಂಚ ಯಾವುದು ಎಂಬುದೆಲ್ಲ ಒಂದಕ್ಕೊಂದು ಕಲಸಿಹೋಗಿದೆ. ಬೆಳಕು ಹರಿದ ಮೇಲೆ ಮಾತ್ರ ಕಿಟಕಿಯತ್ತ ನೋಡಿ ಸ್ಪಷ್ಟವಾಗಿ 'ನಾಲ್ಕು ಅಡಿ ಮೂರಂಗುಲ' ಎನ್ನುತ್ತಾನೆ. ಕಿಟಕಿಯಾಚೆ ಇರುವುದು ನೀರಿನ ಟ್ಯಾಂಕು. 'ಅಪ್ಪಾ, ನನ್ನ ಹತ್ರ ಒಂದು ಮಾತು ತಗೊಂಡಿದ್ದೆ, ನೆನಪಿದೆಯಾ?' ಎಂದಳು. ಅವನು ಮರ್ಯಾದೆಯಿಂದ, ಅಪರಿಚಿತರೊಡನೆ ಆಡುವ ದನಿಯಲ್ಲಿ, 'ತಗೊಂಡಿದ್ರೆ ವಾಪಸ್ ಕೊಟ್ಟಿರ್ತೀನಿ ತಾಯಿ, ನಾನು ಯಾರದ್ದನ್ನೂ ಇಟ್ಕೊಳ್ಳೋನಲ್ಲ' ಎಂದ. ಒಂದು ಕ್ಷಣ ಅವಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮಾತು ತೆಗೆದುಕೊಂಡವನೇ ಮರೆತ ಮೇಲೆ ಮಾತು ಯಾರದ್ದು? ವಾಪಸು ಕೊಟ್ಟಿದ್ದಾನಂತೆ. ಬಾಯಾರೆ ಹೇಳಿದನಲ್ಲ. ಆದರೆ ಒರೆಸುವ ಬಟ್ಟೆಯನ್ನು ಹಿಂಡುವಷ್ಟರಲ್ಲಿ ಕಲ್ಲು ಮತ್ತೆ ಅದೇ ಜಾಗದಲ್ಲಿ ಬಂದು ಕೂತಿತು. ಗಂಡ ಒಳಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಮೆಕ್ಯಾನಿಕ್ ಆಗಿದ್ದವನು, ಜಾಕು ಜಾರಿ ಬೆನ್ನ ಮೇಲೆ ಬಸ್ಸಿನ ಭಾರ ಬಿದ್ದ ಮೇಲೆ ಮಲಗಿದಲ್ಲಿಂದಲೇ ಮನೆಯನ್ನು ಕೇಳಿಸಿಕೊಂಡು ನಡೆಸುತ್ತಾನೆ. 'ಆ ಯಮ್ಮ ಬದುಕ್ತಾಳೆ ಅಂದಿದಾರೆ ತಾನೇ?' ಎಂದ. 'ಎರಡನೇ ಆಪರೇಷನ್ ಆಗಿದೆ. ಬದುಕಬಹುದು ಅಂತಾರೆ.' 'ಹಾಗಾದ್ರೆ ಸುಮ್ಮನಿರು. ಸತ್ಯ ಹೇಳೋದು ಒಂದು ಬಾಯಿ, ಬೀದಿಗೆ ಬೀಳೋದು ನಾಲ್ಕು ಹಾಸಿಗೆ. ನಿಮ್ಮಪ್ಪನ ಮಂಚ ಎಲ್ಲಿ ಹಾಕ್ತೀಯಾ, ಸೇತುವೆ ಕೆಳಗಾ?' ಅವನು ಕೆಟ್ಟವನಲ್ಲ. ಮಾತು ಮುಗಿಸಿ ಗೋಡೆಯ ಕಡೆ ಹೊರಳಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅವಳೇ ಹೋಗಿ ಹೊರಳಿಸಬೇಕಾಯಿತು. ಬಾಗಿಲ ಬಳಿ ಮಗಳು ಚೀಲ ಹೆಗಲಿಗೇರಿಸಿ ನಿಂತಿದ್ದಳು. ಹೋದ ತಿಂಗಳು ಈ ಮಗಳು ಅಂಕಪಟ್ಟಿಗೆ ಅಪ್ಪನ ಸಹಿಯನ್ನು ತಾನೇ ಹಾಕಿಕೊಂಡು ಹೋಗಿದ್ದಳೆಂದು ಉಗಿಯಮ್ಮ ಕೆನ್ನೆಗೆ ಬಾರಿಸಿದ್ದಳು. 'ಅಪ್ಪಂಗೆ ಕೈ ಎತ್ತೋಕಾಗಲ್ಲ ಅಂತ ಹಾಕ್ದೆ, ಅವರನ್ನ ಕೇಳೇ ಹಾಕ್ದೆ' ಎಂದು ಹುಡುಗಿ ಅತ್ತಿದ್ದಳು. ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಆ ವಾರವೆಲ್ಲ ಉಗಿಯಮ್ಮ ದಿನಕ್ಕೆ ಮೂರು ಪಟ್ಟಿ ಕತ್ತರಿಸುತ್ತಿದ್ದಳು.

ಹತ್ತು ಗಂಟೆಗೆ, ಒಗೆದ ಚಾದರ ಕೊಡುವ ನೆಪ ಮಾಡಿಕೊಂಡು ಮೂರನೆಯ ವಾರ್ಡಿಗೆ ಹೋದಳು. ಬಾಗಿಲಿಂದಲೇ ನೋಡಿ ಬರಬೇಕೆಂದಿದ್ದಳು, ಹೊಲಿಗೆಯ ಹೆಂಗಸು ಎಚ್ಚರವಾಗಿದ್ದಳು. ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ಬಲಗೈಯ ನಡುಬೆರಳು ಚಾದರದ ಅಂಚನ್ನು ಮಡಚಿ ಮಡಚಿ ನೋಡುತ್ತಿತ್ತು, ಹೊಲಿಗೆ ಎಲ್ಲಿ ಬಿಟ್ಟಿದೆಯೆಂದು ಹುಡುಕುವಂತೆ. 'ಸಿಸ್ಟರ್, ಸ್ವಲ್ಪ ನೀರು' ಎಂದಳು. ನಾನು ಸಿಸ್ಟರ್ ಅಲ್ಲ ಎನ್ನಲು ಬಾಯಿ ಬರಲಿಲ್ಲ. ಚಮಚದಲ್ಲಿ ನೀರು ಹಾಕುವಾಗ ಎರಡು ಹನಿ ಅವಳ ಕತ್ತಿಗೆ ಬಿದ್ದವು. 'ಪರವಾಗಿಲ್ಲ ಬಿಡಿ' ಎಂದು ಆ ಹೆಂಗಸೇ ಸಮಾಧಾನ ಹೇಳಿದಳು. ಆಮೇಲೆ ದನಿ ತಗ್ಗಿಸಿ, 'ನಿಮ್ಮನ್ನ ಒಂದು ಕೇಳ್ಲಾ? ಗಾಯ ನೀನೇ ಮುಟ್ಟಿದ್ಯಾ, ನೀನೇ ಕೆರೆದ್ಯಾ ಅಂತ ಎಲ್ಲರೂ ಕೇಳ್ತಾರೆ. ನಾನು ಮುಟ್ಟಿಲ್ಲ. ನಿದ್ದೇಲಿ ಮುಟ್ಟಿದ್ನೇನೋ ಅಂತ ಈಗ ನನಗೇ ಅನುಮಾನ. ಹೊಲಿಯೋರ ಕೈ ಅಲ್ವಾ, ಸುಮ್ಮನಿರಲ್ಲ ಅಂತಾರೆ ನಮ್ಮೆಜಮಾನ್ರು. ನಿದ್ದೇಲಿ ಹಾಗಾಗುತ್ತಾ ಸಿಸ್ಟರ್?' ಉಗಿಯಮ್ಮ ಚಮಚವನ್ನು ಲೋಟದಲ್ಲಿಟ್ಟಳು. ಲೋಟ ಸದ್ದು ಮಾಡಿತು. ಒಂದು ತಗಡಿನ ತಪ್ಪು ಎಷ್ಟು ಜನರ ಹೆಗಲಿಗೆ ತಾನಾಗಿ ಹೋಗಿ ಅಂಟಿಕೊಂಡಿದೆ! ಒಬ್ಬಳು ತನ್ನ ಮೊಣಕಾಲನ್ನು ಬೈದುಕೊಳ್ಳುತ್ತಾಳೆ, ಇನ್ನೊಬ್ಬಳು ತನ್ನ ನಿದ್ದೆಯನ್ನು. ಕುಂಬಳಕಾಯಿ ಕಳ್ಳ ಎಂದರೆ ಊರವರೆಲ್ಲ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ, ಕದ್ದವಳೊಬ್ಬಳನ್ನು ಬಿಟ್ಟು. 'ಆಗಲ್ಲ' ಎಂದಳು. 'ನಿದ್ದೇಲಿ ಆಗಲ್ಲ. ನೀವು ಮುಟ್ಟಿಲ್ಲ.' ಹೆಂಗಸು ಕಣ್ಣು ಮುಚ್ಚಿಕೊಂಡಳು. 'ನಿಮಗೆ ಪುಣ್ಯ ಬರಲಿ.'

ಮೆಟ್ಟಿಲ ತಿರುವಿನಲ್ಲಿ ಮೇಟ್ರನ್ ಎದುರಾದರು. ಎದುರಾದದ್ದಲ್ಲ, ಕಾದಿದ್ದರು. ಅವರ ಬಿಳಿ ಉಡುಪಿನಿಂದ ಗಂಜಿಯ ವಾಸನೆ ಬರುತ್ತಿತ್ತು. 'ರಿಜಿಸ್ಟರ್ ತಂದಿದೀರಾ? ಕೊಡಿ, ನಾನೇ ಇಟ್ಕೊಂಡಿರ್ತೀನಿ.' ಪುಟ ತೆಗೆದು, ಆ ಮೂರು ಕಪ್ಪು ತುಂಡುಗಳ ಮೇಲೆ ಬೆರಳಾಡಿಸಿದರು. 'ನೀಟಾಗಿದೆ. ನೋಡಿ, ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಮೌನ. ಗಾಡಿಯವಳದ್ದು ಏನೂ ಆಗಲ್ಲ, ಎಚ್ಚರಿಕೆ ಪತ್ರ ಕೊಟ್ಟು ಬೇರೆ ಕಡೆ ಹಾಕ್ತಾರೆ, ಬಾತ್‌ರೂಮ್ ತೊಳೆಯೋಕೋ ಎಲ್ಲಿಗೋ. ಎರಡು ವರ್ಷದ ಸರ್ವಿಸ್ ಉಳಿದಿದೆ ಅವಳಿಗೆ, ಹೇಗೋ ಕಳೆದುಹೋಗುತ್ತೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು.' 'ಅವಳಿಗೆ ಮೊಣಕಾಲು ಬಗ್ಗಲ್ಲ ಮೇಡಂ' ಎಂದಳು. ತೊಳೆಯಲು ಬಗ್ಗಬೇಕಾಗುತ್ತದೆ ಎಂಬ ಅರ್ಥದಲ್ಲಿ ಅಂದದ್ದು. ಮೇಟ್ರನ್‌ಗೆ ಅದು ಅರ್ಥವಾಗಲಿಲ್ಲ, ಅಥವಾ ಆಯಿತು. 'ಹೌದು ಪಾಪ' ಎಂದರು. ಅವರ ಕಣ್ಣ ಕೆಳಗೂ ಹನ್ನೆರಡು ದಿನದ ಕಪ್ಪು ಇತ್ತು. ಇವರಿಗೆ ತಗಡಿನ ವಿಷಯ ಗೊತ್ತಿಲ್ಲ, ಪಟ್ಟಿಯ ವಿಷಯ ಮಾತ್ರ ಗೊತ್ತು ಎಂದುಕೊಂಡಳು. ಅರ್ಧ ಗೊತ್ತಿರುವವರಿಗೇ ನಿದ್ದೆ ಇಲ್ಲ.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಕಾಗದಗಳ ಮೇಲೆ ಚಹಾದ ಕಪ್ಪುಗಳನ್ನಿಟ್ಟಿದ್ದರು. ದೊಡ್ಡ ಡಾಕ್ಟರು ನಡುವೆ, ಮೇಟ್ರನ್ ಎಡಕ್ಕೆ, ಬರೆದುಕೊಳ್ಳುವ ಗುಮಾಸ್ತ ಬಲಕ್ಕೆ. ಕೂರಲು ಹೇಳಿದರು. ಕೂತಳು. ಎಷ್ಟು ತಗ್ಗಿನ ಕುರ್ಚಿಯೆಂದರೆ ಮೇಜಿನಂಚು ಅವಳ ಗಲ್ಲದ ಸಮಕ್ಕೆ ಬಂತು. 'ಆವತ್ತು ಯಂತ್ರ ಸರಿಯಾಗಿ ಕೆಲಸ ಮಾಡಿತ್ತಾ?' 'ಮಾಡಿತ್ತು ಸಾರ್.' 'ಪಟ್ಟಿ ಕಪ್ಪಾಗಿತ್ತಾ?' 'ಕಪ್ಪಾಗಿತ್ತು ಸಾರ್.' ಮೇಟ್ರನ್ ರಿಜಿಸ್ಟರನ್ನು ಅವರತ್ತ ತಿರುಗಿಸಿದರು. 'ಮೂರಕ್ಕೂ ಇದೆಯಾ?' 'ಮೂರಕ್ಕೂ ಅಂಟಿಸಿದೀನಿ ಸಾರ್.' ಒಂದೂ ಸುಳ್ಳಲ್ಲ. ಪ್ರತಿಯೊಂದು ಉತ್ತರವನ್ನೂ ಬಾಯಿಂದ ಬಿಡುವ ಮೊದಲು ಅವಳು ತೂಗಿ ನೋಡಿದ್ದಳು. ಯಂತ್ರ ಕೆಲಸ ಮಾಡಿತ್ತು, ಪಟ್ಟಿ ಕಪ್ಪಾಗಿತ್ತು, ಮೂರಕ್ಕೂ ಅಂಟಿಸಿದ್ದಳು. ನಿಜದ ತುಂಡುಗಳನ್ನು ಇಷ್ಟು ಅಚ್ಚುಕಟ್ಟಾಗಿ ಕತ್ತರಿಸುವುದನ್ನು ಯಾವಾಗ ಕಲಿತೆ? ದೊಡ್ಡ ಡಾಕ್ಟರು ಕನ್ನಡಕ ತೆಗೆದು ಅವಳ ಮುಖ ನೋಡಿದರು. ಈಗ ಕೇಳುತ್ತಾರೆ ಎಂದುಕೊಂಡಳು, ಕೇಳಲಿ ಎಂದುಕೊಂಡಳು, ಕೇಳದಿರಲಪ್ಪಾ ಎಂದುಕೊಂಡಳು. ಅವರು ಮೇಟ್ರನ್ ಕಡೆ ತಿರುಗಿ, 'ಹದಿನಾಲ್ಕು ವರ್ಷದ ಪುಸ್ತಕ ತರಿಸಿ ನೋಡಿದೆ. ಒಂದು ಸಹಿ ತಪ್ಪಿಲ್ಲ. ಇಂಥವರು ನಾಲ್ಕು ಜನ ಇದ್ದಿದ್ರೆ ನಾವು ಇಲ್ಲಿ ಕೂರಬೇಕಿರಲಿಲ್ಲ' ಎಂದರು. ಆಮೇಲೆ ಅವಳಿಗೆ, 'ಹೋಗಿ ಬನ್ನಿ ತಾಯಿ.' ಅವಳು ಎದ್ದಳು. ಕೈ ಮುಗಿದಳು. ಮುಗಿದ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಹಾಗೆಯೇ ಬಾಗಿಲ ತನಕ ಬಂದಳು.

ಹೊರಗಿನ ಬೆಂಚಿನ ಮೇಲೆ ಕೂತಿದ್ದ ಗಾಡಿಯವಳು ಎದ್ದು, ಬಟ್ಟೆಯ ಸುಕ್ಕು ತಟ್ಟಿಕೊಂಡು, 'ಏನಂದ್ರು? ಬೈದ್ರಾ?' ಎಂದಳು. 'ಇಲ್ಲ.' 'ನಿನಗೇಕೆ ಬೈತಾರೆ ಬಿಡು. ನಿನ್ನ ಪುಸ್ತಕ ಕನ್ನಡಿ ಇದ್ದ ಹಾಗೆ.' ಒಂದು ಕಾಲನ್ನು ಎಳೆಯುತ್ತಾ ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಉಗಿಯಮ್ಮ ಬೆಂಚಿನ ಮೇಲೆ, ಅವಳು ಕೂತಿದ್ದ ಜಾಗದಲ್ಲೇ ಕೂತಳು. ಮರ ಇನ್ನೂ ಬೆಚ್ಚಗಿತ್ತು. ಕೆಳಗೆ ಹೋಗಿ ಮಧ್ಯಾಹ್ನದ ಡ್ರಮ್ಮು ಇಡಬೇಕು. ಪೆಟ್ಟಿಗೆಯಲ್ಲಿ ನಾಲ್ಕು ಪಟ್ಟಿ ಉಳಿದಿವೆ. ಆ ಸೋಮವಾರದಿಂದ ಕತ್ತರಿಸಿಲ್ಲ, ಡ್ರಮ್ಮಿಗೊಂದು ಇಡೀ ಪಟ್ಟಿ ಹಾಕುತ್ತಿದ್ದಾಳೆ, ತಗಡನ್ನು ಮೂರು ಸಲ ಮುಟ್ಟಿ ನೋಡುತ್ತಿದ್ದಾಳೆ. ಇನ್ನು ಮುಂದೆ ಒಂದೂ ತಪ್ಪಾಗದ ಹಾಗೆ ನೋಡಿಕೊಂಡರೆ ಸಾಲದೇ? ಅಪ್ಪನೂ ಹಾಗೆ ಮಾಡಬಹುದಿತ್ತು. ಆ ಒಂದು ದಿನವನ್ನು ನುಂಗಿಕೊಂಡು ಮತ್ತೆ ಇಪ್ಪತ್ತು ವರ್ಷ ನೋಡಿ ನೋಡಿ ಬರೆಯಬಹುದಿತ್ತು. ಅಮ್ಮ ಇನ್ನೊಬ್ಬರ ಮನೆಯ ಪಾತ್ರೆ ತೊಳೆಯುತ್ತಿರಲಿಲ್ಲ, ತಾನು ನೆಲಮಾಳಿಗೆಗೆ ಇಳಿಯುತ್ತಿರಲಿಲ್ಲ. ಎಷ್ಟು ವರ್ಷ ಅವನನ್ನು ದ್ವೇಷಿಸಿದ್ದಳು! ನದಿಗೆ ಗೊತ್ತಿಲ್ಲದ ತಪ್ಪನ್ನು ಆಫೀಸಿಗೆ ಹೋಗಿ ಹೇಳಿದವನನ್ನು, ಮಕ್ಕಳ ಊಟಕ್ಕಿಂತ ಎರಡಂಗುಲ ದೊಡ್ಡದೆಂದವನನ್ನು. ಅವನು ಧೈರ್ಯವಂತ, ಅವನಿಗೆ ಭಯವೆಂಬುದೇ ಇರಲಿಲ್ಲ, ಅದಕ್ಕೇ ಹೇಳಿದ, ನನಗೆ ಭಯವಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಬಾಗಿಲ ಸಂದಿಯಿಂದ ಗಾಡಿಯವಳ ದನಿ ಬರುತ್ತಿತ್ತು, ನಗೆಚಾಟಿಕೆ ಇಲ್ಲದ ಆ ದನಿಯನ್ನು ಅವಳು ಇದುವರೆಗೆ ಕೇಳಿರಲಿಲ್ಲ. 'ಕೆಳಗಿಟ್ಟೆ ಸಾರ್. ಇಲ್ಲ ಅನ್ನಲ್ಲ. ಬರ್ಕೊಳ್ಳಿ. ತಪ್ಪು ನಂದೇ. ಆ ಯಮ್ಮನ ಹತ್ರ ಹೋಗಿ ಕಾಲು ಹಿಡ್ಕೊಳ್ಳೋಕೆ ಒಂದ್ಸಲ ಬಿಟ್ರೆ ಸಾಕು.'

ಉಗಿಯಮ್ಮ ತನ್ನ ಅಂಗೈ ನೋಡಿಕೊಂಡಳು. ಒದ್ದೆಯಾಗಿತ್ತು. ಉಗಿ ರೂಮಿನಿಂದ ಬಂದು ಗಂಟೆಯ ಮೇಲಾಗಿತ್ತು, ಅದು ಉಗಿಯದಲ್ಲ. ಬಟ್ಟೆಗೆ ಒರೆಸಿಕೊಂಡಳು, ಮತ್ತೆ ಒದ್ದೆಯಾಯಿತು. ಆಗ ಸೇತುವೆಯ ಮೆಟ್ಟಿಲ ಮೇಲೆ ಅಪ್ಪನ ಕೈ ಹೇಗೆ ಒದ್ದೆಯಾಗಿತ್ತೆಂದು ಮೂವತ್ತೊಂದು ವರ್ಷದ ಮೇಲೆ ಅವಳಿಗೆ ಗೊತ್ತಾಯಿತು. ಅವನು ಆ ದಿನ ನೀರಿಗೆ ಇಳಿದೇ ಇರಲಿಲ್ಲ. ಕೆಲಸ ಹೋದವನು ನೀರಿಗೇಕೆ ಇಳಿಯುತ್ತಾನೆ? ಮೆಟ್ಟಿಲು ಒಣಗಿತ್ತು. ಅವನು ಹೆದರಿದ್ದ. ಹೆದರಿಕೊಂಡೇ ಹೋಗಿ ಹೇಳಿದ್ದ.

ಅವಳು ಎದ್ದದ್ದು ಅವಳಿಗೆ ಗೊತ್ತಾದದ್ದು ಬಾಗಿಲು ಗೋಡೆಗೆ ಬಡಿದ ಸದ್ದಿನಿಂದ. ನಾಲ್ಕು ಮುಖಗಳು ತಿರುಗಿದವು. 'ಏನಮ್ಮ, ಏನಾದ್ರೂ ಬಿಟ್ಟುಹೋದ್ರಾ?' ಎಂದರು ದೊಡ್ಡ ಡಾಕ್ಟರು. ಅವಳು ಮೇಜಿನ ಬಳಿಗೆ ಹೋಗಿ ಮೇಟ್ರನ್ ಮುಂದಿದ್ದ ರಿಜಿಸ್ಟರನ್ನು ಎಳೆದು, ಪುಟ ತೆಗೆದು, ದೊಡ್ಡ ಡಾಕ್ಟರ ಚಹಾದ ಕಪ್ಪಿನ ಪಕ್ಕದಲ್ಲಿಟ್ಟಳು. 'ಇನ್ನೊಂದು ಸಲ ಓದಿ ಸಾರ್.' 'ಓದಿದೆನಲ್ಲ.' 'ಇವು ಮೂರು ಪಟ್ಟಿ ಅಲ್ಲ. ಅಂಚು ನೋಡಿ, ಒಂದಕ್ಕೊಂದು ಕೂಡುತ್ತೆ. ಒಂದೇ ಪಟ್ಟಿ, ಮೊದಲನೇ ಡ್ರಮ್ಮಿನದು. ಮೂರನೇದರಲ್ಲಿ ಪಟ್ಟಿನೇ ಇರಲಿಲ್ಲ. ಮೂರನೇದರ ತಗಡನ್ನ ನಾನು ತೆರೆದಿರಲಿಲ್ಲ. ಉಗಿ ಒಳಗೆ ಹೋಗಿಲ್ಲ. ಹೊರಗೆ ತೆಗೆದಾಗ ಕೈಗೆ ಗೊತ್ತಾಯ್ತು. ಗೊತ್ತಾಗಿ ಕಳಿಸಿದೆ. ಅದೇ ಆ ಯಮ್ಮನಿಗೆ ಹೋಗಿದ್ದು.' ಗುಮಾಸ್ತ ಪೆನ್ನು ಎತ್ತಿ ಬರೆಯಬೇಕೋ ಬಿಡಬೇಕೋ ಎಂದು ದೊಡ್ಡವರ ಮುಖ ನೋಡುತ್ತಿದ್ದ. 'ಕತ್ತರಿಸೋಕೆ ಹೇಳಿದ್ದು ಯಾರು?' ಮೇಟ್ರನ್‌ರ ಗಂಜಿ ಹಾಕಿದ ತೋಳು ಮೇಜಿನ ಮೇಲೆ ಅಲುಗಿತು. 'ಮೇಟ್ರನ್ ಹೇಳಿದ್ರು, ಪಟ್ಟಿ ಬರ್ತಿರಲಿಲ್ಲ ಅಂತ. ತಗಡು ತೆರೀಬೇಡ ಅಂತ ಅವರು ಹೇಳಿಲ್ಲ. ನೋಡಿದೆ ಅಂತ ಬರೆದಿದ್ದೂ ಅವರಲ್ಲ.' ದೊಡ್ಡ ಡಾಕ್ಟರು ಕನ್ನಡಕ ಹಾಕಿಕೊಂಡರು, ತೆಗೆದರು. ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು ಅವರ ದನಿಯಲ್ಲಿ, ಕಟ್ಟಿಟ್ಟ ಗಂಟನ್ನು ಬಿಚ್ಚಿ ಹರಡಿದವಳ ಮೇಲಿನ ಬೇಸರ. 'ಇದನ್ನೆಲ್ಲ ನಿಮ್ಮನ್ನ ಯಾರು ಕೇಳಿದ್ರಮ್ಮ ಈಗ?' 'ಯಾರೂ ಕೇಳಿಲ್ಲ ಸಾರ್.'

ಗಾಡಿಯವಳು ಅಷ್ಟು ಹೊತ್ತೂ ಅವಳನ್ನೇ ನೋಡುತ್ತಿದ್ದಳು. ಉಗಿಯಮ್ಮ ಆ ಕಡೆ ತಿರುಗಿದಾಗ, ತನಗೇ ತಿಳಿಯದ ಯಾವುದೋ ಆಸೆ ಅವಳ ಮುಖದ ಮೇಲೆ ಇದ್ದಿರಬೇಕು. ಗಾಡಿಯವಳು ಅದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. 'ಹನ್ನೆರಡು ದಿನ ಅಕ್ಕ' ಎಂದಳು. 'ಬೆಳಿಗ್ಗೆ ಕೂಡ ನಿನ್ನ ಮುಂದೆ ಕೂತು ಅತ್ಕೊಂಡೆ. ಯೋಚನೆ ಮಾಡಬೇಡ ಅಂದೆ ನೀನು.' ಅವಳು ಬಗ್ಗದ ಕಾಲನ್ನು ಎಳೆದುಕೊಂಡು ಹೊರಗೆ ಹೋದಳು, ಮತ್ತೆ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾರಿಡಾರಿನಲ್ಲಿ ಗಾಡಿಯ ಚಕ್ರ ಕೀಚ್ ಎಂದು ದೂರವಾಯಿತು.

ಗುಮಾಸ್ತ ಒಂದು ಬಿಳಿ ಹಾಳೆ ಕೊಟ್ಟ. ಉಗಿ ರೂಮಿನ ಬೀಗದ ಕೈ ಮೇಜಿನ ಮೇಲಿಡಲು ಹೇಳಿದರು, ಇಟ್ಟಳು. ಮನೆಯ ವಿಷಯ ಆಮೇಲೆ ತಿಳಿಸುತ್ತೇವೆ ಎಂದರು, ಹೂಂ ಎಂದಳು. ಹಾಳೆಯ ಮೇಲೆ ತಾರೀಕು ಹಾಕಿ, ಆ ಸೋಮವಾರದ ಮೂರು ಡ್ರಮ್ಮುಗಳ ವಿಷಯವನ್ನು ಇದ್ದದ್ದು ಇದ್ದ ಹಾಗೆ ಬರೆದು, ಕೆಳಗೆ ಸಹಿ ಹಾಕಿದಳು. ಹನ್ನೊಂದನೆಯ ವಯಸ್ಸಿನಲ್ಲಿ ಅಪ್ಪನಿಗೆ ಕೊಟ್ಟ ಮಾತಿನಲ್ಲಿ ಮೊದಲನೆಯದನ್ನು ಅವಳು ಮುರಿದಿದ್ದಳು. ಎರಡನೆಯದನ್ನು ಉಳಿಸಿಕೊಂಡಳು, ಹನ್ನೆರಡು ದಿನ ತಡವಾಗಿ.